ಗೋಡೆಯ ಮೇಲಿನ ಕಲೆಗೆ ಹೆಸರು ಬೇಡವೇ?

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದಾಗ ಜನ ಮಾತನಾಡಿಕೊಂಡದ್ದು ಅಲ್ಲಿನ ರನ್‌ವೇ ಬಗ್ಗೆ ಅಲ್ಲ. ಬಿದಿರು ಹೊದಿಸಿದ ಚಾವಣಿ, ಮೇಲಿನಿಂದ ಇಳಿಬಿದ್ದ ಗಿಡಬಳ್ಳಿಗಳು, ನಾಟ್ಯಶಾಸ್ತ್ರದ ರಸಗಳನ್ನು ವಸ್ತುವಾಗಿಟ್ಟುಕೊಂಡ ಕಲಾಕೃತಿಗಳು ಎಲ್ಲರ ಬಾಯಲ್ಲಿದ್ದವು. ಮರುವರ್ಷವೇ ಈ ಟರ್ಮಿನಲ್‌ಗೆ ಒಳಾಂಗಣ ವಿನ್ಯಾಸಕ್ಕಾಗಿ ಪ್ರಿ ವರ್ಸಾಯ್ ಅಂತರರಾಷ್ಟ್ರೀಯ ಪುರಸ್ಕಾರವೂ ಬಂತು. ಇದಕ್ಕೆ ಮೊದಲೇ, 2010ರಲ್ಲಿ, ದೆಹಲಿಯ ಮೂರನೆಯ ಟರ್ಮಿನಲ್ ತನ್ನ ಗೋಡೆಯ ಮೇಲೆ ಬೃಹತ್ ಹಸ್ತಮುದ್ರೆಗಳನ್ನು ನಿಲ್ಲಿಸಿ ಪ್ರಯಾಣಿಕರನ್ನು ಬರಮಾಡಿಕೊಂಡಿತ್ತು. 2014ರಲ್ಲಿ ಮುಂಬಯಿಯ ಹೊಸ ಟರ್ಮಿನಲ್ ರಾಜೀವ್ ಸೇಠಿಯವರ ಮೇಲ್ವಿಚಾರಣೆಯಲ್ಲಿ ದೇಶದ ಮೂಲೆಮೂಲೆಯ ಕಲೆಯನ್ನು ಒಂದು ನೀಳ ಗೋಡೆಗೆ ತಂದಿತ್ತು. ಇಂದು ಈ ನಗರಗಳನ್ನು ನೆನೆದರೆ ಅನೇಕರ ಕಣ್ಣಿಗೆ ಮೊದಲು ಕಟ್ಟುವುದು ಕೋಟೆಯಲ್ಲ, ಗೋಪುರವಲ್ಲ. ವಿಮಾನ ನಿಲ್ದಾಣದ ಒಂದು ಗೋಡೆ.

ಇವು ದೊಡ್ಡ ಉದಾಹರಣೆಗಳು. ಇವುಗಳ ನೆರಳಿನಲ್ಲಿ ಇನ್ನೊಂದು ಸಣ್ಣ ಜಗತ್ತು ಸದ್ದಿಲ್ಲದೆ ಬೆಳೆದಿದೆ. ಹೊರವರ್ತುಲ ರಸ್ತೆಯ ಐ.ಟಿ. ಕಚೇರಿಗಳ ಲಾಬಿ, ಖಾಸಗಿ ಆಸ್ಪತ್ರೆಯ ನಿರೀಕ್ಷಣಾ ಕೋಣೆ, ಚಿನ್ನಾಭರಣದ ಮಳಿಗೆ, ಮಾಲ್, ತಾರಾ ಹೋಟೆಲ್, ‘ಪಾರಂಪರಿಕ’ ಎಂಬ ಫಲಕ ತೂಗಿಹಾಕಿದ ಉಪಾಹಾರ ಗೃಹ, ಇವೆಲ್ಲವೂ ಈಗ ತಮಗೆಂದೇ ರೂಪಿಸಿದ ಕಲಾಕೃತಿಗಳನ್ನು ಬಯಸುತ್ತಿವೆ. ಅಂಗಡಿಯಲ್ಲಿ ಸಿಗುವ ಚಿತ್ರವನ್ನು ತಂದು ಮೊಳೆಗೆ ನೇತುಹಾಕುವ ಕಾಲ ಹೋಯಿತು. ಸಂಸ್ಥೆಯ ಹೆಸರು, ಬಣ್ಣ, ಅದು ತನ್ನ ಬಗ್ಗೆ ಹೇಳಿಕೊಳ್ಳಬಯಸುವ ಕತೆ, ಇವೆಲ್ಲವೂ ಬಾಗಿಲಿನಿಂದ ಲಿಫ್ಟಿನವರೆಗೆ ಒಂದೇ ಸ್ವರದಲ್ಲಿ ನುಡಿಯಬೇಕು. ಇದನ್ನು ಆ ವೃತ್ತಿಯವರು ‘ಬ್ರ್ಯಾಂಡ್ ಪರಿಸರ’ ಎಂದು ಕರೆಯುತ್ತಾರೆ. ಚಿತ್ರಕಲೆ ಕಲಿತು, ಬದುಕಿಗಾಗಿ ಇಂತಹ ಒಳಾಂಗಣಗಳಿಗೆ ಕಲಾಕೃತಿಗಳನ್ನು ವಿನ್ಯಾಸ ಮಾಡಿಕೊಡುತ್ತಿರುವವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಉದ್ಯಮವನ್ನು ಹೊರಗೆ ನಿಂತು ಜರೆಯುವ ಉದ್ದೇಶ ನನಗಿಲ್ಲ. ಆದರೆ ಒಳಗಿನಿಂದ ಕಾಣುವ ಕೆಲವು ಸಂಗತಿಗಳನ್ನು ಸಾರ್ವಜನಿಕವಾಗಿ ಚರ್ಚಿಸುವ ಹೊತ್ತು ಬಂದಿದೆ ಎಂದು ಅನ್ನಿಸುತ್ತಿದೆ.

ಕಲೆ ವ್ಯಾಪಾರದ ಅಂಗಳಕ್ಕೆ ಬಂದರೆ ಅದು ಕೆಟ್ಟಿತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆಶ್ರಯದಾತನಿಲ್ಲದೆ ದೊಡ್ಡ ಕಲೆ ಹುಟ್ಟಿದ ಉದಾಹರಣೆಗಳು ನಮ್ಮ ಚರಿತ್ರೆಯಲ್ಲಿ ಕಡಿಮೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ಕಾವೇರಿಯ ತೀರದಲ್ಲಿ ಒಂದು ಅಗ್ರಹಾರ ಕಟ್ಟಿಸಿ ಅದಕ್ಕೆ ತನ್ನ ಹೆಸರನ್ನೇ ಇಟ್ಟ. ಅಲ್ಲಿ ಕೇಶವನ ದೇವಾಲಯವನ್ನೂ ಕಟ್ಟಿಸಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಸೋಮನಾಥಪುರ ಇಡಿಯಾಗಿ ಒಬ್ಬ ಅಧಿಕಾರಿಯ ‘ಬ್ರ್ಯಾಂಡ್ ಪರಿಸರ’ವೇ! ಆದರೆ ಆ ದೇವಾಲಯದ ವಿಗ್ರಹಗಳ ಪೀಠವನ್ನು ಬಗ್ಗಿ ನೋಡಿದರೆ ಇನ್ನೊಂದು ಹೆಸರು ಮತ್ತೆ ಮತ್ತೆ ಕಾಣುತ್ತದೆ. ಅದು ಶಿಲ್ಪಿ ಮಲ್ಲಿತಮ್ಮನದು. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಊರು, ಬಿರುದುಗಳ ಸಹಿತ ಹೆಸರು ಕೆತ್ತಿಕೊಂಡಿದ್ದಾರೆ. ಹಣ ಕೊಟ್ಟವನ ಹೆಸರು ಶಾಸನದಲ್ಲಿ, ಉಳಿ ಹಿಡಿದವನ ಹೆಸರು ಶಿಲ್ಪದಲ್ಲಿ. ಎರಡಕ್ಕೂ ಜಾಗವಿತ್ತು. ಒಂದರಿಂದ ಇನ್ನೊಂದಕ್ಕೆ ಕುಂದು ಬರಲಿಲ್ಲ.

ಆಧುನಿಕ ಕಾಲದಲ್ಲೂ ಒಳ್ಳೆಯ ಮಾದರಿಗಳಿವೆ. ಏರ್ ಇಂಡಿಯಾ ಸಂಸ್ಥೆ 1950ರ ದಶಕದಿಂದಲೇ ತನ್ನ ಕಚೇರಿಗಳಿಗಾಗಿ ಭಾರತೀಯ ಕಲಾವಿದರ ಕೃತಿಗಳನ್ನು ಕೊಳ್ಳುತ್ತ, ಮಾಡಿಸುತ್ತ ಬಂತು. 1967ರಲ್ಲಿ ಅದು ಸಾಲ್ವಡಾರ್ ಡಾಲಿಯಿಂದ ತನ್ನ ಪ್ರಯಾಣಿಕರಿಗೆ ಕಾಣಿಕೆಯಾಗಿ ನೀಡಲು ಪಿಂಗಾಣಿಯ ಆಷ್‌ಟ್ರೇ ವಿನ್ಯಾಸ ಮಾಡಿಸಿಕೊಂಡಿತು. ಸಂಭಾವನೆಯಾಗಿ ಆ ವಿಲಕ್ಷಣ ಕಲಾವಿದ ಕೇಳಿದ್ದು ಹಣವನ್ನಲ್ಲ, ಆನೆಮರಿಯನ್ನು. ಸಂಸ್ಥೆ ಬೆಂಗಳೂರಿನಿಂದಲೇ ಒಂದು ಮರಿಯಾನೆಯನ್ನು ವಿಮಾನದಲ್ಲಿ ಯೂರೋಪಿಗೆ ಕಳಿಸಿ ಮಾತು ಉಳಿಸಿಕೊಂಡಿತು. ಕತೆಯ ಸ್ವಾರಸ್ಯ ಆಚೆಗಿರಲಿ, ನನಗೆ ಮುಖ್ಯವಾಗಿ ಕಾಣುವುದು ಬೇರೆ. ವಾಣಿಜ್ಯ ಸಂಸ್ಥೆಯೊಂದು ಕಲಾವಿದನನ್ನು ಹೆಸರಿನಿಂದ ಕರೆದು, ಅವನ ಶರತ್ತನ್ನು ಒಪ್ಪಿ, ಅವನ ಹೆಸರಿನಿಂದಲೇ ಹೆಮ್ಮೆಪಟ್ಟಿತು. ಮುಂದೆ ಸಂಗ್ರಹದ ಕೆಲವು ಕೃತಿಗಳು ಕಾಣೆಯಾದ ಸುದ್ದಿ 2017ರಲ್ಲಿ ಬಂದದ್ದು ನಿಜ. ಆದರೂ ಸಂಸ್ಥೆ ಖಾಸಗಿಯವರ ಕೈಸೇರಿದ ಮೇಲೆ 2023ರಲ್ಲಿ ಆ ಸಂಗ್ರಹವನ್ನು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸುವ ಏರ್ಪಾಡಾಯಿತು. ವ್ಯಾಪಾರಕ್ಕಾಗಿ ಕೂಡಿಟ್ಟದ್ದು ಕೊನೆಗೆ ದೇಶದ ಸ್ವತ್ತಾಯಿತು.

ಈಗ ನಮ್ಮ ಲಾಬಿಗಳಿಗೆ ಬರೋಣ. ಒಂದು ಕಂಪನಿ ತನ್ನ ಹೊಸ ಕಚೇರಿಗೆ ‘ಕರ್ನಾಟಕದ ಸೊಗಡು’ ಬೇಕೆಂದು ಬಯಸುತ್ತದೆ ಎಂದುಕೊಳ್ಳಿ. ಅದು ಕೆಲಸವನ್ನು ವಾಸ್ತುಶಿಲ್ಪ ಸಂಸ್ಥೆಗೆ ಒಪ್ಪಿಸುತ್ತದೆ. ಅವರು ವಿನ್ಯಾಸ ಸಂಸ್ಥೆಯೊಂದನ್ನು ಕರೆಯುತ್ತಾರೆ. ಅಲ್ಲಿ ಕಂಪ್ಯೂಟರಿನಲ್ಲಿ ಗೋಡೆಯ ಚಿತ್ರ ಸಿದ್ಧವಾಗಿ ಒಪ್ಪಿಗೆ ಪಡೆಯುತ್ತದೆ. ಬಳಿಕ ಅದು ಒಳಾಂಗಣ ಗುತ್ತಿಗೆದಾರನ ದರಪಟ್ಟಿಯಲ್ಲಿ ಟೈಲ್ಸು, ಪ್ಲೈವುಡ್, ವಿದ್ಯುತ್ ದೀಪಗಳ ನಡುವೆ ಒಂದು ಸಾಲಾಗಿ ಸೇರುತ್ತದೆ. ಆ ಸಾಲಿಗೆ ಬೆಲೆ ಕಟ್ಟುವುದು ಚದರ ಅಡಿಯ ಲೆಕ್ಕದಲ್ಲಿ. ಗುತ್ತಿಗೆದಾರ ಅದನ್ನು ‘ವೆಂಡರ್’ಗೆ ಕೊಡುತ್ತಾನೆ. ವೆಂಡರ್ ಚನ್ನಪಟ್ಟಣಕ್ಕೋ ಬೀದರಿಗೋ ಕಿನ್ನಾಳಕ್ಕೋ ಫೋನು ಮಾಡುತ್ತಾನೆ. ಹೀಗೆ ನಾಲ್ಕೈದು ಮೆಟ್ಟಿಲು ಇಳಿಯುವಷ್ಟರಲ್ಲಿ ಕಲಾವಿದ ಎಂಬ ಪದವೇ ಕರಗಿ ಹೋಗಿರುತ್ತದೆ. ಉಳಿಯುವುದು ‘ಲೇಬರ್’ ಮಾತ್ರ. ಹಾಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ, ಆ ಹೊಳಪು ಬರಿಸುವ ಕೈಗೆ ಸಿಗುವುದು ತುಂಡಿನ ಲೆಕ್ಕದ ಕೂಲಿ. ಆ ಬಣ್ಣಗಳನ್ನು ಹೇಗೆ ಜೋಡಿಸಬೇಕು, ಯಾವ ಗಾತ್ರದ ಮಣಿ ಬೆಳಕಿಗೆ ಹೇಗೆ ಹೊಳೆಯುತ್ತದೆ ಎಂಬ ಅರಿವಿಗೆ ಪ್ರತ್ಯೇಕ ಬೆಲೆಯಿಲ್ಲ. ಬೀದರಿನಲ್ಲಿ ಸತುವು–ತಾಮ್ರದ ಎರಕಕ್ಕೆ ಬೆಳ್ಳಿಯ ಎಳೆಯನ್ನು ಕೂರಿಸಿ, ಅಲ್ಲಿನ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವವರ ಪಾಡೂ ಬೇರೆಯಲ್ಲ.

ಕೆಲವು ವರ್ಷಗಳ ಹಿಂದೆ ನಗರದ ಒಂದು ಕಚೇರಿಗಾಗಿ ನಾನು ಚನ್ನಪಟ್ಟಣದ ಕುಶಲಕರ್ಮಿಗಳೊಂದಿಗೆ ಸೇರಿ ಸಾವಿರಾರು ಅರಗಿನ ಮಣಿಗಳ ಒಂದು ಪರದೆಯನ್ನು ರೂಪಿಸಿದೆ. ಅದನ್ನು ಮುಗಿಸಲು ಮೂರು ಕುಟುಂಬಗಳು ಒಂದಿಡೀ ಮಳೆಗಾಲ ದುಡಿದವು. ಕಂಪನಿಯ ಲಾಂಛನ ಬದಲಾದಾಗ ಲಾಬಿಯ ಬಣ್ಣವೂ ಬದಲಾಯಿತು. ಪರದೆಯನ್ನು ಬಿಚ್ಚಿ ತಳಮಹಡಿಯ ಕಾರು ನಿಲುಗಡೆಯಲ್ಲಿ ಗೋಣಿಚೀಲಗಳಿಗೆ ತುಂಬಿಟ್ಟಿದ್ದರು. ಯಾರೂ ನಮಗೆ ಒಂದು ಮಾತು ಹೇಳಿರಲಿಲ್ಲ. ಬಾಡಿಗೆಯ ಅವಧಿ, ಮರುವಿನ್ಯಾಸದ ಖರ್ಚು, ಎಲ್ಲವನ್ನೂ ಬರೆದಿಟ್ಟಿದ್ದ ಒಪ್ಪಂದಗಳಲ್ಲಿ ಕಲಾಕೃತಿಯನ್ನು ತೆಗೆಯುವಾಗ ಏನು ಮಾಡಬೇಕೆಂಬ ಒಂದು ಸಾಲು ಇರಲಿಲ್ಲ. ಅಲ್ಲಿನ ಅಧಿಕಾರಿ ಕೆಟ್ಟವರೇನೂ ಆಗಿರಲಿಲ್ಲ. ಅವರ ಕಡತದಲ್ಲಿ ಅದು ‘ಪಾರ್ಟಿಷನ್’ ಎಂದು ದಾಖಲಾಗಿತ್ತು, ಅಷ್ಟೆ. ಪಾರ್ಟಿಷನ್ ತೆಗೆಯಲು ಯಾರ ಅನುಮತಿ ಬೇಕು?

ಕಾನೂನು ಈ ವಿಷಯದಲ್ಲಿ ಸಂಪೂರ್ಣ ಮೌನವಾಗಿಲ್ಲ. ಶಿಲ್ಪಿ ಅಮರನಾಥ ಸೆಹಗಲ್ ಅವರು ದೆಹಲಿಯ ವಿಜ್ಞಾನ ಭವನಕ್ಕಾಗಿ ಸುಮಾರು 140 ಅಡಿ ಉದ್ದದ ಕಂಚಿನ ಭಿತ್ತಿಶಿಲ್ಪವನ್ನು ಮಾಡಿಕೊಟ್ಟಿದ್ದರು. 1957ರಲ್ಲಿ ಒಪ್ಪಿಸಿದ ಕೆಲಸ ಮುಗಿದದ್ದು 1962ರಲ್ಲಿ. 1979ರಲ್ಲಿ ಕಟ್ಟಡದ ನವೀಕರಣದ ನೆಪದಲ್ಲಿ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಭಾಗಗಳು ಹಾಳಾದವು, ಕೆಲವು ಕಳೆದುಹೋದವು. ಸೆಹಗಲ್ ನ್ಯಾಯಾಲಯದ ಮೆಟ್ಟಿಲೇರಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಕಲಾವಿದನಿಗೆ ಮರಳಿಸಬೇಕೆಂದೂ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದೂ ತೀರ್ಪಿತ್ತಿತು. ಇದಕ್ಕೆ ಆಧಾರವಾದದ್ದು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್. ಕೃತಿಯನ್ನು ಮಾರಿದ ಮೇಲೂ ಅದರ ಕರ್ತೃ ತಾನೆಂದು ಹೇಳಿಕೊಳ್ಳುವ ಹಕ್ಕು ಮತ್ತು ತನ್ನ ಗೌರವಕ್ಕೆ ಚ್ಯುತಿ ತರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕು ಕಲಾವಿದನಲ್ಲೇ ಉಳಿಯುತ್ತವೆ.

ಆದರೆ ಈ ರಕ್ಷಣೆಗೆ ರಂಧ್ರಗಳೂ ಇವೆ. ಕೃತಿಯನ್ನು ಪ್ರದರ್ಶಿಸದೆ ಇರುವುದು ಹಕ್ಕಿನ ಉಲ್ಲಂಘನೆಯಲ್ಲ ಎಂದು ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ದೆಹಲಿಯ ಪ್ರಗತಿ ಮೈದಾನದ ‘ಹಾಲ್ ಆಫ್ ನೇಷನ್ಸ್’ ಕಟ್ಟಡವನ್ನು 2017ರಲ್ಲಿ ಕೆಡವಿದ ಪ್ರಕರಣದಲ್ಲಿ, ಕಟ್ಟಡವನ್ನು ಪೂರ್ತಿಯಾಗಿ ಕೆಡವುವ ಮಾಲೀಕನ ಹಕ್ಕನ್ನು ವಾಸ್ತುಶಿಲ್ಪಿ ತಡೆಯಲಾಗದು ಎಂದು 2019ರಲ್ಲಿ ಅದೇ ಹೈಕೋರ್ಟ್ ಹೇಳಿತು. ಇನ್ನೂ ಒಂದು ಸೂಕ್ಷ್ಮವಿದೆ. ಹಣ ಪಡೆದು ಬೇರೊಬ್ಬರ ಕೋರಿಕೆಯ ಮೇರೆಗೆ ಬರೆದ ವರ್ಣಚಿತ್ರದ ಕೃತಿಸ್ವಾಮ್ಯ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ, ಬರೆಸಿದವರಿಗೇ ಸೇರುತ್ತದೆ ಎಂದು ಕಾಯ್ದೆಯ 17ನೆಯ ಸೆಕ್ಷನ್ ಹೇಳುತ್ತದೆ. ಲಾಬಿಯ ಗೋಡೆಗೆ ಚಿತ್ರ ಬರೆದ ಯುವಕಲಾವಿದೆಗೆ ಆ ಚಿತ್ರವನ್ನೇ ಕಂಪನಿಯ ದಿನದರ್ಶಿಕೆ, ಚೀಲ, ಕಾಫಿ ಲೋಟಗಳ ಮೇಲೆ ಕಂಡಾಗ ಆಗುವ ಆಘಾತಕ್ಕೆ ಕಾರಣ ಇದೇ. ಆಕೆ ಸಹಿ ಹಾಕಿದ ಒಂದು ಪುಟದ ಆದೇಶಪತ್ರದಲ್ಲಿ ಈ ಬಗ್ಗೆ ಅಕ್ಷರವೂ ಇರುವುದಿಲ್ಲ. ಇಲ್ಲಿ ಮೌನ ಯಾವಾಗಲೂ ಹಣವಂತನ ಪರ.

ಬೇರೆ ದೇಶಗಳು ಏನು ಮಾಡಿವೆ? ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ‘ಫೈವ್ ಪಾಯಿಂಟ್ಸ್’ ಎಂಬ ಹಳೆಯ ಕಾರ್ಖಾನೆಯ ಗೋಡೆಗಳ ಮೇಲೆ ಮಾಲೀಕನ ಸಮ್ಮತಿಯಿಂದಲೇ ಕಲಾವಿದರು ಚಿತ್ರ ಬರೆಯುತ್ತಿದ್ದರು. 2013ರಲ್ಲಿ ಮಾಲೀಕ ರಾತ್ರೋರಾತ್ರಿ ಸುಣ್ಣ ಬಳಿಸಿದ. ಕಟ್ಟಡ ಅವನದೇ, ಅದನ್ನು ಕೆಡವಲೂ ಅವನಿಗೆ ಅಧಿಕಾರವಿತ್ತು. ಆದರೂ 2018ರಲ್ಲಿ ನ್ಯಾಯಾಲಯ 21 ಕಲಾವಿದರಿಗೆ 67 ಲಕ್ಷ ಡಾಲರ್‌ಗೂ ಮಿಗಿಲಾದ ಪರಿಹಾರ ವಿಧಿಸಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅಮೆರಿಕದ ಕಾನೂನು ಕೇಳುವುದು ಹೆಚ್ಚೇನಲ್ಲ. ಕಟ್ಟಡಕ್ಕೆ ಹಾನಿಯಾಗದಂತೆ ಬಿಚ್ಚಬಹುದಾದ ಕೃತಿಯಾದರೆ ಕಲಾವಿದನಿಗೆ ತಿಳಿಸಿ, ತನ್ನ ಖರ್ಚಿನಲ್ಲಿ ಕೊಂಡೊಯ್ಯಲು 90 ದಿನ ಕಾಲಾವಕಾಶ ಕೊಡಬೇಕು. ಆ ಮಾಲೀಕ ತಾಳ್ಮೆಯಿಂದ ಕಾಯ್ದಿದ್ದರೆ ಅಷ್ಟು ದೊಡ್ಡ ದಂಡ ತೆರಬೇಕಾಗುತ್ತಿರಲಿಲ್ಲ.

ಹೆಸರು, ಹಣ, ಹಕ್ಕುಗಳ ಮಾತಿನಲ್ಲೇ ವಿಷಯ ಮುಗಿಯುವುದಿಲ್ಲ. ಅರ್ಥದ ಪ್ರಶ್ನೆಯೂ ಇದೆ. ಕರಾವಳಿಯ ರುಚಿಯನ್ನು ಮಾರುವ ಹೋಟೆಲಿನ ಗೋಡೆಯಲ್ಲಿ ಭೂತದ ಮೊಗವನ್ನು ತೂಗುಹಾಕಿ ಅದರ ಕೆಳಗೆ ಮದ್ಯದ ಪಟ್ಟಿ ಅಂಟಿಸುವುದನ್ನು ನಾವು ನೋಡಿದ್ದೇವೆ. ವಿನ್ಯಾಸಕನಿಗೆ ಅದೊಂದು ಸುಂದರ ಲೋಹದ ಆಕೃತಿ. ತುಳುನಾಡಿನ ಮನೆಯೊಂದಕ್ಕೆ ಅದು ವರ್ಷಕ್ಕೊಮ್ಮೆ ಕೈಮುಗಿದು ಹೊರತೆಗೆಯುವ ದೈವದ ಮುಖ. ಯಕ್ಷಗಾನದ ಕಿರೀಟ ಕೈತೊಳೆಯುವ ತೊಟ್ಟಿಯ ಮೇಲೆ ಅಲಂಕಾರವಾಗಿರುವುದು, ತೊಗಲುಗೊಂಬೆಯ ರಾಮ ಬಾಗಿಲ ಹಿಡಿಕೆಯಾಗುವುದು ಇದೇ ಜಾಡಿನ ಬೆಳವಣಿಗೆ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಇಳಿವಯಸ್ಸಿನಲ್ಲಿ, ಪದ್ಮಶ್ರೀ ಬಂದಾಗ ನಾಡೆಲ್ಲ ಸಂತೋಷಪಟ್ಟಿತು. ಅಂತಹ ಪರಂಪರೆಯ ಆಕೃತಿಗಳನ್ನು ಲೇಸರ್ ಯಂತ್ರದಿಂದ ಕತ್ತರಿಸಿ ಗೋಡೆಗೆ ಅಂಟಿಸುವಾಗ ಆ ಸಮುದಾಯದ ಒಬ್ಬರನ್ನಾದರೂ ಕರೆದು ಕೇಳಬೇಕೆಂಬ ಯೋಚನೆ ಎಷ್ಟು ಸಭೆಗಳಲ್ಲಿ ಬರುತ್ತದೆ? ‘ಜಾನಪದ ಟಚ್ ಕೊಡಿ’ ಎಂಬ ಮಾತನ್ನು ನಾನು ಕೇಳದ ಸಭೆ ಇಲ್ಲವೆನ್ನಬಹುದು. ಜನಪದವಿಲ್ಲದೆ ಜಾನಪದ ಬೇಕು ಎಂಬುದೇ ಆ ಬೇಡಿಕೆಯ ಒಳಗುಟ್ಟು.

ಕನ್ನಡ ಲಿಪಿಯ ಕತೆಯೂ ಇದರೊಂದಿಗೆ ಹೆಣೆದುಕೊಂಡಿದೆ. ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂಬ ನಿಯಮ 2024ರಲ್ಲಿ ಕಾಯ್ದೆಯಲ್ಲೇ ಸೇರಿತು. ಅಲ್ಲಿಯವರೆಗೆ ಮೂಲೆಯಲ್ಲಿ ಮುದುಡಿ ಕೂತಿದ್ದ ಕನ್ನಡ ಅಕ್ಷರಗಳು ದೊಡ್ಡದಾದವು. ಆದರೆ ಸುಂದರವಾದವೇ? ಇಂಗ್ಲಿಷ್ ಹೆಸರಿಗೆ ತಿಂಗಳುಗಟ್ಟಲೆ ಅಕ್ಷರವಿನ್ಯಾಸ ಮಾಡಿಸುವ ಮಳಿಗೆ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಅಕ್ಷರವನ್ನು ಹಿಗ್ಗಿಸಿ ಹಾಕುತ್ತದೆ. ಒತ್ತಕ್ಷರ ಪಕ್ಕಕ್ಕೆ ಸರಿದಿರುತ್ತದೆ, ದೀರ್ಘ ಕಳಚಿಬಿದ್ದಿರುತ್ತದೆ. ದುಂಡನೆಯ ತಿರುವು, ತಲೆಕಟ್ಟು, ಕೊಂಬುಗಳಿರುವ ನಮ್ಮ ಲಿಪಿ ಲೋಹದಲ್ಲೂ ಮರದಲ್ಲೂ ಬೆಳಕಿನಲ್ಲೂ ಒದಗಿಬರುವ ಶಿಲ್ಪದ್ರವ್ಯ. ಇದನ್ನು ದಂಡ ತಪ್ಪಿಸಿಕೊಳ್ಳುವ ಸಾಧನವೆಂದಲ್ಲದೆ ವಿನ್ಯಾಸದ ಮೊದಲ ಸಾಮಗ್ರಿಯೆಂದು ಕಾಣುವ ಸಂಸ್ಥೆ ಬಾಯಿಬಿಟ್ಟು ಹೇಳದೆಯೇ ಈ ನೆಲದ ಸಂಸ್ಥೆಯಾಗುತ್ತದೆ.

ಉದ್ಯಮಿಗಳ ಕಡೆಯ ಮಾತನ್ನೂ ಕೇಳಬೇಕು. ‘ನಾವು ನಡೆಸುತ್ತಿರುವುದು ವಸ್ತುಸಂಗ್ರಹಾಲಯವಲ್ಲ. ಗಿರಾಕಿಗೆ ಹೊಸತು ಬೇಕು. ಐದಾರು ವರ್ಷಕ್ಕೊಮ್ಮೆ ರೂಪ ಬದಲಿಸದಿದ್ದರೆ ಪಕ್ಕದ ಅಂಗಡಿ ನಮ್ಮನ್ನು ನುಂಗುತ್ತದೆ’ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಯಾವ ಲಾಬಿಯ ಕಲಾಕೃತಿಯೂ ಶಾಶ್ವತವಾಗಿರಬೇಕೆಂದು ನಾನು ಕೇಳುತ್ತಿಲ್ಲ. ನಮ್ಮ ರಂಗೋಲಿ ದಿನವೂ ಅಳಿಯುತ್ತದೆ, ಗಣಪ ವರ್ಷವೂ ನೀರು ಸೇರುತ್ತಾನೆ. ಅಳಿಯುವುದು ಅವಮಾನವಲ್ಲ. ಆದರೆ ರಂಗೋಲಿ ಇಟ್ಟವಳಿಗೆ ಅದು ಸಂಜೆಗೆ ಅಳಿಯುತ್ತದೆಂದು ಬೆಳಿಗ್ಗೆಯೇ ಗೊತ್ತಿರುತ್ತದೆ. ಗಣಪನನ್ನು ಬಿಡುವಾಗ ಆರತಿ ಎತ್ತುತ್ತೇವೆ. ಅವಧಿಯನ್ನು ಮೊದಲೇ ಹೇಳುವುದು ಮತ್ತು ಬೀಳ್ಕೊಡುವಾಗ ಮರ್ಯಾದೆ ತೋರುವುದು, ಇಷ್ಟೇ ವ್ಯತ್ಯಾಸ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದು, ಪ್ರತಿ ಕಲಾಕೃತಿಯ ಪಕ್ಕದಲ್ಲಿ ಒಂದು ಅಂಗೈಯಗಲದ ಫಲಕ: ವಿನ್ಯಾಸ ಮಾಡಿದವರು, ಕೈಯಿಂದ ಮಾಡಿದವರು, ಅವರ ಊರು, ವರ್ಷ. ಇದಕ್ಕೆ ತಗಲುವ ಖರ್ಚು ಲಾಬಿಯ ಒಂದು ಕುರ್ಚಿಯ ಬೆಲೆಗಿಂತಲೂ ಕಡಿಮೆ. ಎರಡನೆಯದು, ವಿನ್ಯಾಸದ ಸಂಭಾವನೆ ಮತ್ತು ತಯಾರಿಕೆಯ ಕೂಲಿ ದರಪಟ್ಟಿಯಲ್ಲಿ ಬೇರೆಬೇರೆ ಸಾಲುಗಳಾಗಬೇಕು. ಕುಶಲಕರ್ಮಿಯ ಅರಿವು ವಿನ್ಯಾಸದಲ್ಲಿ ಸೇರಿದ್ದರೆ ಆ ಸಂಭಾವನೆಯಲ್ಲಿ ಅವನಿಗೂ ಪಾಲು ಸಲ್ಲಬೇಕು. ಮೂರನೆಯದು, ಲಿಖಿತ ಒಪ್ಪಂದ. ಕೃತಿ ಎಷ್ಟು ವರ್ಷ ಇರುತ್ತದೆ, ಧೂಳು ಒರೆಸಿ ದುರಸ್ತಿ ಮಾಡುವವರು ಯಾರು, ಕೃತಿಸ್ವಾಮ್ಯ ಯಾರದು, ಅದೇ ಚಿತ್ರವನ್ನು ಬೇರೆಡೆ ಬಳಸಿದರೆ ಏನು ಕೊಡಬೇಕು, ತೆಗೆಯುವ ಮುನ್ನ ಎಷ್ಟು ದಿನದ ತಿಳಿವಳಿಕೆ, ಮರಳಿ ಪಡೆಯುವ ಮೊದಲ ಹಕ್ಕು ಯಾರಿಗೆ ಎಂಬ ಆರು ಪ್ರಶ್ನೆಗಳಿಗೆ ಆರು ಸಾಲಿನ ಉತ್ತರ ಸಾಕು. ನಾಲ್ಕನೆಯದು, ಆರಾಧನೆಯ ಆಕೃತಿಗಳನ್ನು ಬಳಸುವ ಮೊದಲು ಅವುಗಳ ವಾರಸುದಾರರನ್ನು ಕೇಳುವ ಸೌಜನ್ಯ.

ಇಂತಹ ಒಂದು ಮಾದರಿ ಒಪ್ಪಂದವನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸಲು ಕರ್ನಾಟಕ ಲಲಿತಕಲಾ ಅಕಾಡೆಮಿ ಮತ್ತು ಶಿಲ್ಪಕಲಾ ಅಕಾಡೆಮಿಗಳು ಮುಂದಾಗಬೇಕು. ಅದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಒಬ್ಬ ವಕೀಲರು, ಇಬ್ಬರು ಕಲಾವಿದರು, ಒಬ್ಬ ಗುತ್ತಿಗೆದಾರ ಕೂತರೆ ಒಂದು ವಾರದ ಕೆಲಸ. ಕಲಾಶಾಲೆಗಳೂ ತಮ್ಮ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಕುಂಚದ ಜೊತೆಗೆ ಕರಾರುಪತ್ರವನ್ನು ಓದುವುದನ್ನೂ ಕಲಿಸಬೇಕು. ಅವರಲ್ಲಿ ಅನೇಕರ ಅನ್ನ ಇನ್ನು ಮುಂದೆ ಗ್ಯಾಲರಿಗಳಿಗಿಂತ ಹೆಚ್ಚಾಗಿ ಇಂತಹ ಗೋಡೆಗಳಿಂದಲೇ ಬರಲಿದೆ.

ಓದುಗರ ಪಾಲೂ ಇದರಲ್ಲಿ ಸ್ವಲ್ಪ ಇದೆ. ಈ ಕಚೇರಿಗಳಲ್ಲಿ ದುಡಿಯುವವರು, ಈ ಮಳಿಗೆಗಳಲ್ಲಿ ಕೊಳ್ಳುವವರು, ಈ ಹೋಟೆಲುಗಳಲ್ಲಿ ಮಕ್ಕಳ ನಾಮಕರಣ ಮಾಡುವವರು ನಾವೇ. ಕಂಪನಿಗಳು ಗಿರಾಕಿಯ ಮಾತಿಗೆ ಕಿವಿಗೊಡುವಷ್ಟು ಬೇರೆ ಯಾರ ಮಾತಿಗೂ ಕೊಡುವುದಿಲ್ಲ. ಆದ್ದರಿಂದ ಚೆಂದವೆನಿಸಿದ ಗೋಡೆಯ ಮುಂದೆ ನಿಂತು ಫೋಟೊ ತೆಗೆದುಕೊಂಡ ಮೇಲೆ, ಅಲ್ಲಿ ಕೂತ ಸಿಬ್ಬಂದಿಯನ್ನು ‘ಇದನ್ನು ಮಾಡಿದವರು ಯಾರು?’ ಎಂದು ಒಮ್ಮೆ ಕೇಳಿ. ಮೊದಲ ಸಲ ಅವರಿಗೆ ಗೊತ್ತಿರುವುದಿಲ್ಲ. ಹತ್ತು ಜನ ಕೇಳಿದರೆ ಮೇಲಿನವರಿಗೆ ಸುದ್ದಿ ಮುಟ್ಟುತ್ತದೆ. ನೂರು ಜನ ಕೇಳಿದರೆ ಆ ಗೋಡೆಯ ಪಕ್ಕದಲ್ಲಿ ಒಂದು ಪುಟ್ಟ ಫಲಕ ಬಂದೇ ಬರುತ್ತದೆ.